ಎರೆಮಣ್ಣಿನ ಮೇಲೆ ಪರಸಿ ಹಾಸಿದಾಗ

ಕಲಬುರಗಿಯ ನಮ್ಮ ಮನೆಯಲ್ಲಿ ಗೇಟಿನಿಂದ ಬಾಗಿಲವರೆಗೆ ಹೋದ ವರ್ಷ ಶಹಾಬಾದ್ ಪರಸಿ, ಅಂದರೆ ಚಪ್ಪಡಿ ಕಲ್ಲು, ಹಾಸಿಸಿದ್ದೆವು. ಒಂದೇ ಮಳೆಗಾಲಕ್ಕೆ ಅರ್ಧ ಕಲ್ಲು ಎದ್ದವು, ಮೂರು ಸೀಳಿದವು. ಅಮ್ಮ ಎರಡು ಸಲ ಎಡವಿದರು. ಕಲ್ಲೇ ಸರಿಯಿಲ್ಲ ಅಂದುಕೊಂಡಿದ್ದೆ.

ಈ ಬೇಸಿಗೆಯಲ್ಲಿ ಬಂದ ಗೌಂಡಿ ಕಾಕಾ ಕಲ್ಲನ್ನು ನೋಡಲೇ ಇಲ್ಲ. ಒಂದನ್ನು ಎತ್ತಿ, ಕೆಳಗಿನ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದರು. "ತಂಗಿ, ಇದು ಎರಿ ಮಣ್ಣ ಅದ. ಮಳಿಗೆ ಉಬ್ಬತದ, ಬಿಸಲಿಗೆ ಬಿರೀತದ. ಕಲ್ಲಿಂದೇನು ತಪ್ಪದ?"

ಮೊದಲ ದಿನ ಅಗೆಯುವುದರಲ್ಲೇ ಹೋಯಿತು. ಒಂದು ಅಡಿ ಮಣ್ಣು ತೆಗೆದು, ಕಲ್ಲುಹರಳಿನ ಗರಸು ಮಣ್ಣು ತುಂಬಿ, ನೀರು ಹೊಡೆದು ಬಡಿದರು. ಮನೆಯಿಂದ ಆಚೆಗೆ ಹತ್ತು ಅಡಿಗೆ ಎರಡು ಇಂಚು ಇಳಿಜಾರು.

ಮರುದಿನ ಬೇವಿನ ಮರದ ಹತ್ತಿರದ ತಿರುವು. ನೇರ ಕೊಯ್ಯಲು ಮೆಷಿನ್ ಇತ್ತು. ಧೂಳು ಎದೆಗೆ ಹೋಗಬಾರದು ಅಂತ ಕಾಕಾ ನೀರು ಬಿಡುತ್ತಲೇ ಕೊಯ್ದರು. ತಿರುವಿಗೆ ಮಾತ್ರ ಉಳಿ ಹಿಡಿದರು. ಗೀಟಿನ ಮೇಲೆ ಸಣ್ಣ ಸಣ್ಣ ಪೆಟ್ಟು. ಕಲ್ಲು ತಿರುವಿ ಹಾಕಿ ಅದೇ ಗೀಟಿಗೆ ಮತ್ತೆ ಪೆಟ್ಟು. ಆಮೇಲೆ ಕೆಳಗೆ ಕಬ್ಬಿಣದ ಸಲಾಕೆ ಇಟ್ಟು ಒಂದು ತಟ್ಟು, ಅಷ್ಟೇ.

ನಾನೂ ಕೇಳಿ ಉಳಿ ಇಸಿದುಕೊಂಡೆ. ಶಹಾಬಾದ್ ಕಲ್ಲು ಸುಣ್ಣದ ಕಲ್ಲು, ಪದರ ಪದರವಾಗಿ ಕೂತದ್ದು. ಗಣಿಯಲ್ಲಿ ಚಪ್ಪಟೆ ಹಲಗೆಯ ಹಾಗೆ ಏಳುವುದು ಅದಕ್ಕೇ. ಜೋರಾಗಿ ಹೊಡೆದೆ, ಮೇಲಿನ ಪದರವೇ ಹಾರಿತು. "ಕೈ ಬ್ಯಾಡ, ಕಿವಿ ಇಡು," ಅಂದರು ಕಾಕಾ. ಎರಡನೇ ಕಲ್ಲಿಗೆ ಕಿವಿ ಇಟ್ಟೆ. ಠಣ್ ಅನ್ನುತ್ತಿದ್ದದ್ದು ಮೆಲ್ಲಗೆ ಮಂದವಾಯಿತು. ಅಲ್ಲಿಗೆ ನಿಲ್ಲಿಸಿ ಸಲಾಕೆಯ ಮೇಲಿಟ್ಟು ತಟ್ಟಿದೆ. ಗೀಟಿನ ಗುಂಟ ಬಿಟ್ಟುಕೊಂಡಿತು! ಆ ತುಂಡು ಈಗಲೂ ಬೇವಿನ ಬುಡದಲ್ಲಿದೆ. ಬೇರು ದಪ್ಪವಾಗುತ್ತದೆ ಅಂತ ಅದರ ಪಕ್ಕ ನಾಲ್ಕು ಬೆರಳು ಜಾಗ ಬಿಡಿಸಿದರು.

ಸಿಮೆಂಟಿನ ಕಲೆಗೆ ಆಸಿಡ್ ಹಾಕೋಣವೇ ಅಂತ ಕೇಳಿದ್ದಕ್ಕೆ ಕಾಕಾ ಗಾಬರಿಯಾದರು. ಸುಣ್ಣದ ಕಲ್ಲನ್ನು ಆಸಿಡ್ ತಿಂದುಬಿಡುತ್ತದೆ, ಅಲ್ವಾ? ಹಸಿಯಿರುವಾಗಲೇ ಒದ್ದೆ ಬಟ್ಟೆಯಿಂದ ಒರೆಸಿದೆವು.

ಸಂಜೆ ಕಾಕಾ ಕೈತೊಳೆಯಲು ಹೋದರು. ನಾನು ಸುತ್ತಿಗೆಯ ಹಿಡಿಕೆಯಿಂದ ಒಂದೊಂದೇ ಕಲ್ಲು ತಟ್ಟುತ್ತ ಬಂದೆ. ಬಾಗಿಲ ಹತ್ತಿರದ ಒಂದು ಪೊಳ್ಳಾಗಿ ಕೇಳಿತು. ದಣಿದವರಿಗೆ ಹೇಳಲೋ ಬೇಡವೋ ಅಂತ ನಿಂತೆ. ನಲ್ಲಿ ಬಂದ್ ಆದ ಸಪ್ಪಳ ಬಂತು. ಅವರಿಗೂ ಕೇಳಿಸಿತ್ತು. ಏನೂ ಮಾತಾಡದೆ ಬಂದು ಕಲ್ಲು ಎತ್ತಿಸಿದರು. ಒಂದು ಮೂಲೆಗೆ ಕೆಳಗಿನ ಸಿಮೆಂಟ್ ಮಾಲು ಮುಟ್ಟಿರಲಿಲ್ಲ. "ಬ್ಯಾಟರಿ ಹಿಡಿ ತಂಗಿ," ಅನ್ನುತ್ತ ಮತ್ತೆ ಕುಕ್ಕರಗಾಲಲ್ಲಿ ಕೂತರು.