ಇದು ಯಾರು ಮಾಡ್ಸಿದ್ದು?

ಮಂಗಳವಾರದಿಂದ ಒಂದೇ ಮಾತು ಕಿವಿಯಲ್ಲಿ ಕೂತಿದೆ. "ಅಕ್ಕಾ, ಇದು ಯಾರು ಮಾಡ್ಸಿದ್ದು?"

ಕೇಳಿದ್ದು ಮೇಸ್ತ್ರಿ. ನಮ್ಮ ಕ್ರೈಸ್ತ ಸಭೆಯ ದೇವಾಲಯದ ಪಡುಗೋಡೆಯ ಸಿಮೆಂಟ್ ಸಾರಣೆ ಎಬ್ಬಿಸುವ ಕೆಲಸ ಅಂದು ಶುರುವಾಗಿತ್ತು. ಉಳಿ ಇಟ್ಟು ಒಂದೇಟು ಹಾಕಿದರೆ ಸಾಕು, ಸಾರಣೆ ಚಪ್ಪಡಿ ಚಪ್ಪಡಿಯಾಗಿ ಕಳಚಿ ಬೀಳುತ್ತಿತ್ತು. ಹಿಂದಿದ್ದ ಮುರಕಲ್ಲಿಗೆ, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲಿಗೆ, ಮೇಸ್ತ್ರಿ ಹೆಬ್ಬೆರಳು ಒತ್ತಿದರು. ಕಲ್ಲು ನೀರು ಬಿಟ್ಟ ಬೆಲ್ಲದ ಹಾಗೆ ಕುಸಿದು ಅವರ ಅಂಗೈಗೆ ಬಂತು. ಕೆಂಪು ಹುಡಿ, ನಡುನಡುವೆ ಉಪ್ಪಿನ ಬಿಳಿ ಹರಳು. ಆ ಅಂಗೈಯನ್ನು ನನ್ನ ಮುಂದೆ ಹಿಡಿದುಕೊಂಡೇ ಅವರು ಕೇಳಿದ್ದು. ದನಿಯಲ್ಲಿ ದೂರಿರಲಿಲ್ಲ, ಬರಿಯ ಮರುಕವಿತ್ತು.

"ಹಿಂದೆ ಯಾವಾಗಲೋ ಕಮಿಟಿಯವರು" ಎಂದುಬಿಟ್ಟೆ. ಮಾಡಿಸಿದ್ದು ನನ್ನ ಅಪ್ಪ.

1994ರಲ್ಲಿ ಅಪ್ಪ ಸಭೆಯ ಖಜಾಂಚಿ. ಹಳೆಯ ಸುಣ್ಣದ ಸಾರಣೆ ಅಲ್ಲಲ್ಲಿ ಉದುರುತ್ತಿತ್ತು. ಪಿ.ಎಫ್.ನಿಂದ ಸಾಲ ತೆಗೆದು, ಮನೆಮನೆ ತಿರುಗಿ ದೇಣಿಗೆ ಕೂಡಿಸಿ, ಸಿಮೆಂಟ್ ಮಾಡಿಸಿದರು. ಗೋಡೆ ಬಿರಿಯಬಾರದೆಂದು ದಿನಾ ಆಫೀಸಿಗೆ ಹೋಗುವ ಮುಂಚೆ ಒಂದು ಸಲ, ಬಂದ ಮೇಲೆ ಟಾರ್ಚ್ ಹಿಡಿದು ಇನ್ನೊಂದು ಸಲ ನೀರು ಹಾಕುತ್ತಿದ್ದರು. ಬಾವಿಯಿಂದ ಕೊಡ ತಂದುಕೊಡುತ್ತಿದ್ದವಳು ನಾನು. ಆ ವರ್ಷದ ಕ್ರಿಸ್ಮಸ್ ದಿನ ಜನ ಆ ನುಣುಪು ಗೋಡೆಯನ್ನು ಮುಟ್ಟಿ ಮುಟ್ಟಿ ನೋಡಿದ್ದರು. ಅಪ್ಪ ಏನೂ ಹೇಳದೆ ಹಿಂದಿನ ಬೆಂಚಿನಲ್ಲಿ ಕುಳಿತಿದ್ದರು. ಅವರ ಮುಖ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಮುರಕಲ್ಲಿನ ಮೈತುಂಬ ತೂತು. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ಎಷ್ಟೇ ತಡೆದರೂ ಒಂದಿಷ್ಟು ನೀರು ನೆಲದಿಂದ ಏರುತ್ತದೆ, ಒಂದಿಷ್ಟು ಒಡೆದ ಹಂಚಿನಿಂದ ಇಳಿಯುತ್ತದೆ. ಸುಣ್ಣದ ಸಾರಣೆ ಇದ್ದಾಗ ಮಳೆ ಬಿಟ್ಟ ಮೇಲೆ ನೀರು ಅದರ ಮೂಲಕವೇ ಆರಿಹೋಗಿ ಗೋಡೆ ತಾನಾಗಿ ಒಣಗುತ್ತಿತ್ತು. ಸಿಮೆಂಟ್ ಆ ದಾರಿ ಮುಚ್ಚಿತು. ನೀರು ಕಲ್ಲಿನಲ್ಲೇ ನಿಂತಿತು, ಅದರ ಜೊತೆಗಿದ್ದ ಉಪ್ಪು ಹರಳುಗಟ್ಟಿ ಕಲ್ಲನ್ನು ಒಳಗಿಂದ ಒಡೆಯಿತು. ಮೂವತ್ತು ವರ್ಷ ನಾವು ಹೊರಗೆ ಬಣ್ಣ ಬಳಿಯುತ್ತಲೇ ಇದ್ದೆವು.

ಇದನ್ನು ಮೊದಲು ಕಂಡುಹಿಡಿದದ್ದು ಹಳೆಯ ಕಟ್ಟಡಗಳ ಕೆಲಸ ಕಲಿತ ಒಬ್ಬಳು ಹುಡುಗಿ. ಕಮಿಟಿಯಲ್ಲಿ ಅವಳ ಮಾತಿಗೆ ಬೆಲೆ ಸಿಗಲು ಎರಡು ಮೀಟಿಂಗ್ ಬೇಕಾಯಿತು. ದೂರದೂರಿನಲ್ಲಿರುವ ಒಬ್ಬ ಹಿರಿಯರು ಹಂಚನ್ನೆಲ್ಲ ತೆಗೆದು ಶೀಟ್ ಹಾಕಿಸೋಣ, ಖರ್ಚು ನನ್ನದು ಎಂದರು. ದೊಡ್ಡ ಮನಸ್ಸಿನವರು, ಕೇಳುವ ಮೊದಲೇ ಕೊಡುವವರು. ಆದರೆ ಮಳೆಗಾಲದಲ್ಲಿ ಶೀಟಿನ ಸದ್ದಿನ ಕೆಳಗೆ ಕೂತು ಆರಾಧನೆ ಕೇಳುವವರು ನಾವು. ಅವರಿಗೆ ಎದುರು ಮಾತಾಡಿದ್ದಕ್ಕೆ ನನಗೆ ಬೇಸರವಿಲ್ಲ.

ಆ ಹಂಚು ಎಲ್ಲಿಂದ ಬಂತೆಂದು ನಮ್ಮ ಸಭೆಯವರಾದರೂ ಮರೆಯಬಾರದು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನ ಮಿಶನರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ. ಸಭೆ ಸೇರಿದ ಎಷ್ಟೋ ಕುಟುಂಬಗಳಿಗೆ ಮನೆ, ಕುಲಕಸುಬು ಎರಡೂ ತಪ್ಪಿಹೋದವು. ಅವರಿಗೆ ಅನ್ನದ ದಾರಿಯಾದದ್ದು ನೇಯ್ಗೆ ಮತ್ತು ಹಂಚು. ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಹಂಚಿನ ಕಾರ್ಖಾನೆ ಹಾಕಿದರು. ನನ್ನ ಅಜ್ಜಿಯ ತಾಯಿ ಅಲ್ಲಿ ಹಸಿ ಹಂಚು ಹೊತ್ತವಳು. ಕಳೆದ ವಾರ ಮಾಡಿನಿಂದ ಇಳಿಸಿದ ಹಂಚುಗಳ ಅಡಿಯಲ್ಲಿ ಅಚ್ಚೊತ್ತಿದ 1865 ಎಂಬ ಇಸವಿ ನೋಡಿ ನಮ್ಮ ಯುವಕರು ಹಂಚೇ ಆ ವರ್ಷದ್ದೆಂದು ಸಂಭ್ರಮಪಟ್ಟರು. ಅದು ಕಾರ್ಖಾನೆಯ ಇಸವಿ, ಎಷ್ಟೋ ವರ್ಷದ ನಂತರದ ಹಂಚಿನಲ್ಲೂ ಅದೇ ಇರುತ್ತದೆ ಎಂದು ತಿಳಿಸಿದೆ. ಒಂದು ಹಂಚಿನ ಅಂಚಿನಲ್ಲಿ ಮೂರು ಬೆರಳಿನ ಗುರುತಿತ್ತು. ಹಸಿ ಇದ್ದಾಗ ಯಾರೋ ಎತ್ತಿಟ್ಟದ್ದು. ನನ್ನ ಬೆರಳಿಗಿಂತ ಸಣ್ಣವು.

ಮಾಡನ್ನು ಹೊತ್ತ ಮರದ ಪಕ್ಕಾಸುಗಳು ಹೆಚ್ಚಿನವು ಗಟ್ಟಿಯಿವೆ. ಹಂಚು ಕೂರುವ ರೀಪು ಪೂರ್ತಿ ಗೆದ್ದಲು ತಿಂದಿದೆ.

ನಮ್ಮ ಜಿಲ್ಲೆಯಲ್ಲಿ ಎಲ್ಲಿ ನೋಡಿದರೂ ಜೀರ್ಣೋದ್ಧಾರದ ಬ್ಯಾನರ್. ಜೀರ್ಣವಾದದ್ದನ್ನು ಎತ್ತಿ ನಿಲ್ಲಿಸುವುದು ಎಂಬ ಆ ಒಳ್ಳೆಯ ಶಬ್ದಕ್ಕೆ ಈಗ ಕೆಡವಿ ಹೊಸತು ಕಟ್ಟುವುದು ಎಂಬ ಅರ್ಥ ಬಂದಿದೆ. ಗುಡಿ, ಇಗರ್ಜಿ, ದೈವಸ್ಥಾನ ಯಾವುದೂ ತಪ್ಪಿಲ್ಲ. ಮಾಡುವವರೆಲ್ಲ ಭಕ್ತಿಯಿಂದಲೇ ಮಾಡುತ್ತಾರೆ, ಅಪ್ಪ ಮಾಡಿದ ಹಾಗೆ. ಅಪ್ಪ ಸಿಮೆಂಟ್ ಮಾಡಿಸುವ ಹೊತ್ತಿಗೇ ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್‌ನಲ್ಲಿ ಇಟಲಿಯ ಕಲಾವಿದ ಮೊಸ್ಕೇನಿ ಬರೆದ ಚಿತ್ರಗಳನ್ನು ಬಲ್ಲವರು ಕೂತು ಇಂಚಿಂಚಾಗಿ ಉಳಿಸಿದ್ದರು. ತಿಳಿದವರು ಬಸ್ಸಿನ ದೂರದಲ್ಲೇ ಇದ್ದರು. ನಮ್ಮಂಥ ಸಣ್ಣ ಸಭೆಯ ಗೋಡೆಯ ಬಳಿಗೆ ಬಂದು ಇದು ಬೇಡ ಎನ್ನಲು ಒಬ್ಬರಾದರೂ ಬಂದಿದ್ದರೆ ಎಂದು ನಾಲ್ಕು ದಿನದಿಂದ ಸಂಕಟಪಡುತ್ತಿದ್ದೇನೆ.

ಶುಕ್ರವಾರ ರಾತ್ರಿ ಊಟಕ್ಕೆ ಕೂತಾಗ ಅಪ್ಪನಿಗೆ ಹೇಳಿದೆ. ತಟ್ಟೆಯಿಂದ ತಲೆ ಎತ್ತದೆ ಕೇಳಿದರು, "ಕಲ್ಲು ಎಷ್ಟು ಹೋಗಿದೆ?"

"ಕೆಲವು ಕಡೆ ಎರಡು ಇಂಚು."

"ನಾಳೆ ಕರ್ಕೊಂಡು ಹೋಗು."

ರಿಕ್ಷಾದಿಂದ ಇಳಿದು, ಕೋಲೂರಿಕೊಂಡು ಸೀದಾ ಪಡುಗೋಡೆಗೆ ನಡೆದರು. ತೆರೆದ ಕಲ್ಲಿನ ಮೇಲೆ ಕೈಯಿಟ್ಟು ಸುಮಾರು ಹೊತ್ತು ನಿಂತರು. ಮೇಸ್ತ್ರಿ ಸಾರುವೆಯಿಂದ ಇಳಿದು ಬಂದರು. "ಈ ಸಿಮೆಂಟ್ ಮಾಡ್ಸಿದ್ದು ನಾನು ಮೇಸ್ತ್ರಿಗಳೇ" ಎಂದರು ಅಪ್ಪ. ನಾನು ಆಡದೆ ನುಂಗಿದ ಉತ್ತರ.

ಮೇಸ್ತ್ರಿ ತಲೆಯ ಮುಂಡಾಸು ಬಿಚ್ಚಿ ಕೈ ಒರೆಸಿಕೊಂಡರು. "ಆಗ ಎಲ್ಲರೂ ಅದನ್ನೇ ಮಾಡ್ತಿದ್ದದ್ದು. ನಾನೂ ಎಷ್ಟು ಮುರಕಲ್ಲಿಗೆ ಸಿಮೆಂಟ್ ಮೆತ್ತಿದ್ದೇನೋ ದೇವರಿಗೇ ಗೊತ್ತು. ಬನ್ನಿ, ಸುಣ್ಣ ನೋಡಿ." ಇಬ್ಬರೂ ಸುಣ್ಣ ಅರಳಿಸಲು ಹಾಕಿದ ಗುಂಡಿಯ ಹತ್ತಿರ ಹೋದರು. ಬೆಣ್ಣೆಯ ಹಾಗಾಗಿದ್ದ ಸುಣ್ಣವನ್ನು ಮೇಸ್ತ್ರಿ ಕರಣೆಯಲ್ಲಿ ಎತ್ತಿ ತೋರಿಸಿದರು, ಅಪ್ಪ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. ಎಷ್ಟು ದಿನ ನೀರಲ್ಲಿಟ್ಟಿರಿ, ಮರಳು ಯಾವ ಹೊಳೆಯದ್ದು, ಒಂದೊಂದೇ ವಿಚಾರಿಸಿದರು.

ವಾಪಸು ಬರುವಾಗ ರಿಕ್ಷಾದಲ್ಲಿ ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಮನೆ ಹತ್ತಿರ ಬಂದಾಗ, "ಹಂಚು ಸಾಕಾಗ್ತದಾ?" ಎಂದರು.

ಮುನ್ನೂರು ಕಡಿಮೆ ಬೀಳ್ತದೆ ಎಂದೆ. ಮೇ ಕೊನೆಗೆ ಬರುವ ಪತ್ತನಾಜೆಯೊಳಗೆ, ಮಳೆ ಹಿಡಿಯುವ ಮುಂಚೆ, ಮಾಡು ಮುಚ್ಚಲೇಬೇಕು. ಮೂಲ್ಕಿಯ ಕಡೆ ಒಂದು ಹಳೆ ಮನೆ ಬಿಚ್ಚುತ್ತಿದ್ದಾರಂತೆ. ಸೋಮವಾರ ಬೆಳಿಗ್ಗೆ ನಾವಿಬ್ಬರೂ ಹೋಗಿ ನೋಡಿ ಬರುವವರಿದ್ದೇವೆ.