ಎಡ ಮುಂದಿನ ಟೈರಿನ ಒಳಅಂಚು

ಟೈರ್ ಸವೆಯುವುದಕ್ಕೆ ನಮ್ಮ ಕಡೆಯ ಮೆಕ್ಯಾನಿಕ್‌ಗಳು ‘ತಿನ್ನುವುದು’ ಎನ್ನುತ್ತಾರೆ. ‘ಒಳಗಡೆ ತಿಂದಿದೆ ಮೇಡಂ’ ಎಂಬ ಮಾತನ್ನು ಮೊದಲ ಸಲ ಕೇಳಿದಾಗಲೇ ಅದು ನನ್ನ ಮನಸ್ಸಿಗೆ ಹಿಡಿಸಿತು. ನಾನು ರೇಷ್ಮೆಹುಳು ಸಾಕುವವಳು. ಹುಳು ಮೇದು ಬಿಟ್ಟ ಎಲೆಯನ್ನು ನೋಡಿದರೆ ಅದು ಚುರುಕಾಗಿದೆಯೋ, ಜ್ವರಕ್ಕೆ, ಅಂದರೆ ಪೊರೆ ಬಿಡುವ ನಿದ್ದೆಗೆ, ಹೋಗುತ್ತಿದೆಯೋ ಗೊತ್ತಾಗುತ್ತದೆ. ಟೈರಿನ ವಿಷಯವೂ ಹಾಗೆಯೇ ಎಂದು ಅರ್ಥವಾಗಲು ನನಗೆ ಎರಡು ವರ್ಷ, ನಾಲ್ಕು ಟೈರ್ ಮತ್ತು ಆರು ಅಲೈನ್‌ಮೆಂಟ್ (ಚಕ್ರಗಳ ಕೋನ ಅಳೆದು ಸರಿಪಡಿಸುವ ಕೆಲಸ) ಬೇಕಾದವು.

ಶಿಡ್ಲಘಟ್ಟದ ಹತ್ತಿರದ ಹಳ್ಳಿಯಲ್ಲಿ ನಮ್ಮದೊಂದು ಸಣ್ಣ ಚಾಕಿ ಸಾಕಾಣಿಕೆ ಕೇಂದ್ರವಿದೆ. ಮೊಟ್ಟೆಯಿಂದ ಹೊರಬಂದ ಮರಿಹುಳುಗಳನ್ನು ಎರಡನೇ ಜ್ವರ ದಾಟುವವರೆಗೆ ಸಾಕಿ, ಆಮೇಲೆ ರೈತರ ಮನೆಗೆ ತಲುಪಿಸುವುದು ನಮ್ಮ ಕೆಲಸ. ಬಿಸಿಲೇರುವ ಮೊದಲು ಹುಳು ರೈತರ ಕೈಸೇರಬೇಕು. ಬೆಳಗಿನ ಜಾವ ನಾಲ್ಕೂವರೆಗೆ ಕಾರಿನ ಹಿಂದಿನ ಸೀಟು ಮಡಚಿ, ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿಕೊಂಡು ಹೊರಡುತ್ತೇನೆ. ಒಂದು ದಿನ ಸಾದಲಿ, ದಿಬ್ಬೂರಹಳ್ಳಿ ಕಡೆಗಾದರೆ ಇನ್ನೊಂದು ದಿನ ಚಿಂತಾಮಣಿ ದಾಟಿ ಮುರುಗಮಲ್ಲದ ಕಡೆಗೆ. ದಾರಿಯಲ್ಲಿ ಟೈರ್ ಕೈಕೊಟ್ಟರೆ ಹಾಳಾಗುವುದು ನನ್ನ ಬೆಳಗು ಮಾತ್ರವಲ್ಲ, ಹಿಪ್ಪುನೇರಳೆ ಸೊಪ್ಪು ಕೊಯ್ದಿಟ್ಟುಕೊಂಡು ಕಾಯುತ್ತಿರುವ ಮನೆಗಳ ಬೆಳೆಯೂ ಕೂಡ. ನಾನು ಟೈರನ್ನು ಇಷ್ಟು ಗಂಭೀರವಾಗಿ ತೆಗೆದುಕೊಳ್ಳುವುದಕ್ಕೆ ಇದೇ ಕಾರಣ.

ಮೊದಲ ಜೋಡಿ ಟೈರ್ ಹನ್ನೊಂದು ಸಾವಿರ ಕಿಲೋಮೀಟರಿಗೆ ಮುಗಿದವು. ಹೊರಗಿನಿಂದ ನೋಡಿದರೆ ಚೆನ್ನಾಗಿಯೇ ಇದ್ದವು. ಒಂದು ದಿನ ಪಂಕ್ಚರ್ ಅಂಗಡಿಯಲ್ಲಿ ಚಕ್ರ ಬಿಚ್ಚಿ ಮಲಗಿಸಿದಾಗ ಎಡ ಮುಂದಿನ ಟೈರಿನ ಒಳಅಂಚಿನಲ್ಲಿ ರಬ್ಬರ್ ಪೂರ್ತಿ ಹೋಗಿ ತಂತಿ ಇಣುಕುತ್ತಿತ್ತು. ಕಾರು ನಿಂತಿರುವಾಗ ಆ ಭಾಗ ಕಣ್ಣಿಗೆ ಬೀಳುವುದೇ ಇಲ್ಲ. ಮುಂದಿನ ಚಕ್ರವನ್ನು ಪೂರ್ತಿ ಒಂದು ಕಡೆಗೆ ತಿರುಗಿಸಿ, ಬಗ್ಗಿ, ಮೊಬೈಲ್ ಬೆಳಕು ಬಿಟ್ಟರೆ ಮಾತ್ರ ಕಾಣುತ್ತದೆ. ಆ ಟೈರಿನಲ್ಲಿ ಅದೆಷ್ಟು ದಿನ ಓಡಿಸಿದ್ದೆನೋ ಎಂದು ನೆನೆದರೆ ಈಗಲೂ ಮೈ ನಡುಗುತ್ತದೆ.

ಅಷ್ಟರಲ್ಲಿ ನಾಲ್ಕು ಬಾರಿ ಅಲೈನ್‌ಮೆಂಟ್ ಆಗಿತ್ತು. ಪ್ರತಿ ಸಲವೂ ಕಂಪ್ಯೂಟರ್ ಪರದೆಯ ಮೇಲೆ ಕೆಂಪು ಚೌಕಗಳು ಹಸಿರಾಗುತ್ತಿದ್ದವು. ಕಾಗದ ಕೈಗಿಡುತ್ತಿದ್ದರು, ಹಣ ಕೊಟ್ಟು ಬರುತ್ತಿದ್ದೆ. ಸ್ಟೇರಿಂಗ್ ಎರಡು ವಾರ ನೇರವಾಗಿ ನಿಂತು, ಮೂರನೇ ವಾರಕ್ಕೆ ಮತ್ತೆ ಓರೆಯಾಗುತ್ತಿತ್ತು. ‘ನಿಮ್ಮ ರಸ್ತೆ ಹಾಗಿದೆ’ ಎಂದು ಎಲ್ಲರೂ ಹೇಳಿದರು. ರಸ್ತೆ ಹಾಗಿರುವುದು ನಿಜ. ಎದುರಿನಿಂದ ಟೊಮೆಟೊ ಲಾರಿ ಬಂದಾಗ ಎಡಗಡೆಯ ಚಕ್ರಗಳನ್ನು ಡಾಂಬರಿನಿಂದ ಕೆಳಗಿಳಿಸಲೇಬೇಕು, ಮತ್ತೆ ಮೇಲೆ ಹತ್ತುವಾಗ ಮುರಿದ ಅಂಚಿನ ಪೆಟ್ಟು ಎಡ ಮುಂದಿನ ಚಕ್ರಕ್ಕೇ ಮೊದಲು ಬೀಳುತ್ತದೆ. ಆದರೆ ಅದೇ ರಸ್ತೆಯಲ್ಲಿ ಓಡುವ ಉಳಿದ ಕಾರುಗಳ ಟೈರ್ ನಲವತ್ತು ಸಾವಿರ ಬಾಳುತ್ತಿರುವಾಗ ನನ್ನದೊಂದಕ್ಕೆ ಮಾತ್ರ ಏನಾಗಿದೆ ಎಂಬ ಪ್ರಶ್ನೆಗೆ ರಸ್ತೆ ಉತ್ತರವಾಗಲಾರದು.

ಟೈರನ್ನು ಓದುವುದನ್ನು ಕಲಿಸಿದವರು ಚಿಂತಾಮಣಿಯ ಒಬ್ಬ ಹಿರಿಯ ಮೆಕ್ಯಾನಿಕ್. ಅವರ ಬಳಿ ಅಲೈನ್‌ಮೆಂಟ್ ಯಂತ್ರವೇ ಇಲ್ಲ. ಹಳೆಯ ಟೈರನ್ನು ತಂದಿದ್ದೀರಾ ಎಂದು ಮೊದಲು ಕೇಳಿದರು. ಅದೃಷ್ಟಕ್ಕೆ ಅದನ್ನು ಅಂಗಡಿಗೆ ಬಿಡದೆ ಮನೆಗೆ ತಂದಿದ್ದೆ, ಮರುದಿನ ಒಯ್ದು ತೋರಿಸಿದೆ. ಅವರು ಕಣ್ಣು ಬೇರೆಡೆಗೆ ತಿರುಗಿಸಿ, ಅಂಗೈಯನ್ನು ಟೈರಿನ ಮೇಲ್ಮೈ ಮೇಲೆ ಅಡ್ಡಡ್ಡವಾಗಿ ಸವರಿದರು. ಒಳಗಿನಿಂದ ಹೊರಕ್ಕೆ ಒಮ್ಮೆ, ಹೊರಗಿನಿಂದ ಒಳಕ್ಕೆ ಒಮ್ಮೆ. ‘ನೀವೂ ಮುಟ್ಟಿ’ ಎಂದರು. ಹೊರಕ್ಕೆ ಸವರಿದಾಗ ನುಣುಪು, ಒಳಕ್ಕೆ ಎಳೆದಾಗ ಗರಗಸದ ಹಲ್ಲಿನ ಹಾಗೆ ಚೂಪು. ಚಕ್ರಗಳ ಮುಂಭಾಗ ಹೊರಕ್ಕೆ ತೆರೆದುಕೊಂಡಿದ್ದರೆ, ಅಂದರೆ ಟೋ ಹೊರಕ್ಕೆ ಹೋಗಿದ್ದರೆ, ಸವೆತ ಹೀಗಿರುತ್ತದೆ ಮತ್ತು ಒಳಅಂಚು ಬೇಗ ಹೋಗುತ್ತದೆ. ಟೋ ಅತಿಯಾಗಿ ಒಳಕ್ಕಿದ್ದರೆ ಹೊರಅಂಚು ತಿಂದು, ಚೂಪು ಉಲ್ಟಾ ದಿಕ್ಕಿನಲ್ಲಿ ಸಿಗುತ್ತದೆ. ಚೂಪೇ ಇಲ್ಲದೆ ಒಂದೇ ಅಂಚು ನುಣ್ಣಗೆ ಇಳಿಜಾರಾಗಿ ಸವೆದಿದ್ದರೆ ಅದು ಕ್ಯಾಂಬರ್, ಅಂದರೆ ಚಕ್ರ ತಲೆ ವಾಲಿಸಿ ನಿಂತಿದೆ ಎಂದರ್ಥ. ಗಾಳಿ ಹೆಚ್ಚಾದರೆ ನಡು ಬೋಳಾಗುತ್ತದೆ, ಕಡಿಮೆಯಾದರೆ ಎರಡೂ ಭುಜಗಳು ಹೋಗುತ್ತವೆ. ಅಲ್ಲಲ್ಲಿ ಬಟ್ಟಲು ಕೊರೆದ ಹಾಗೆ ತಗ್ಗು ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್ ಕಡೆಗೋ ಬ್ಯಾಲೆನ್ಸಿಂಗ್ ಕಡೆಗೋ ನೋಡಬೇಕು.

ಇಷ್ಟರಲ್ಲಿ ನನಗೆ ಬಹಳ ಉಪಯೋಗಕ್ಕೆ ಬಂದದ್ದು ಅವರು ಹೇಳಿದ ಇನ್ನೊಂದು ಮಾತು. ಟೋ ತಪ್ಪಿದ್ದರೆ ಕಾರು ನೇರ ಹೋಗುವಾಗ ಆ ತಪ್ಪನ್ನು ಎರಡೂ ಮುಂಚಕ್ರಗಳು ಪಾಲು ಹಂಚಿಕೊಳ್ಳುತ್ತವೆ, ಆದ್ದರಿಂದ ಎರಡೂ ಟೈರ್ ಸುಮಾರಾಗಿ ಒಂದೇ ಸಮ ಸವೆಯಬೇಕು. ನನ್ನ ಬಲಗಡೆಯ ಟೈರಿನಲ್ಲಿ ಚೂಪು ಅಲ್ಪಸ್ವಲ್ಪ ಇತ್ತು, ಎಡಗಡೆಯದು ಮಾತ್ರ ತಂತಿ ಕಾಣುವಷ್ಟು ಹೋಗಿತ್ತು. ಒಂದೇ ಕಡೆ ಇಷ್ಟು ತಿಂದಿದ್ದರೆ ಆ ಕಡೆಯ ಯಾವುದೋ ಭಾಗ ಬಾಗಿದೆ ಅಥವಾ ಸಡಿಲವಾಗಿದೆ.

ಟೋ ಎಷ್ಟು ಸಣ್ಣ ಅಳತೆಯ ಸಂಗತಿ ಎಂದು ಆ ರಾತ್ರಿ ಕುಳಿತು ಲೆಕ್ಕ ಹಾಕಿದೆ. ಟೈರಿನ ವ್ಯಾಸ ಸುಮಾರು 600 ಮಿಲಿಮೀಟರ್. ಎರಡೂ ಚಕ್ರ ಸೇರಿ ಟೋ 3 ಮಿಲಿಮೀಟರ್ ತಪ್ಪಿದೆ ಎಂದುಕೊಳ್ಳಿ, ಎರಡು ರಾಗಿಕಾಳುಗಳನ್ನು ಪಕ್ಕಪಕ್ಕ ಇಟ್ಟಷ್ಟು. ಒಂದು ಚಕ್ರದ ಪಾಲಿಗೆ ಒಂದೂವರೆ. ಹಾಗಾದರೆ ಕಾರು ಒಂದು ಕಿಲೋಮೀಟರ್ ಮುಂದೆ ಹೋಗುವಷ್ಟರಲ್ಲಿ ಆ ಟೈರ್ ಎರಡೂವರೆ ಮೀಟರ್ ಅಡ್ಡಕ್ಕೆ ಉಜ್ಜುತ್ತದೆ. ಹತ್ತು ಸಾವಿರ ಕಿಲೋಮೀಟರಿಗೆ ಇಪ್ಪತ್ತೈದು ಕಿಲೋಮೀಟರ್! ಅಷ್ಟು ದೂರ ಟೈರನ್ನು ರಸ್ತೆಯ ಮೇಲೆ ಅಡ್ಡ ಎಳೆದುಕೊಂಡು ಹೋದರೆ ಉಳಿಯುವುದೇನು?

ಗಾಳಿಯ ಒತ್ತಡ ಸರಿಯಿತ್ತು, ರಿಮ್ ಬಾಗಿರಲಿಲ್ಲ, ಸ್ಟೇರಿಂಗ್ ತಿರುವನ್ನು ಚಕ್ರಕ್ಕೆ ತಲುಪಿಸುವ ಟೈ ರಾಡ್ ಎಂಡ್ ಗಟ್ಟಿಯಾಗಿತ್ತು. ಇವನ್ನು ಒಂದೇ ಬೆಳಗಿನಲ್ಲಿ ನೋಡಿ ಮುಗಿಸಿದೆವು. ಆಮೇಲೆ ಹಿರಿಯರು ನನ್ನ ಅಲೈನ್‌ಮೆಂಟ್ ಕಾಗದಗಳನ್ನು ಕೇಳಿದರು. ಮೊದಲ ಎರಡರಲ್ಲಿ ಸರಿಪಡಿಸಿದ ನಂತರದ ಅಂಕಿಗಳಷ್ಟೇ ಇದ್ದವು, ಅವು ಯಾತಕ್ಕೂ ಬರಲಿಲ್ಲ. ಉಳಿದ ಎರಡರಲ್ಲಿ ಸರಿಪಡಿಸುವ ಮುಂಚಿನ ಅಂಕಿಗಳಿರುವ ‘ಮೊದಲು’ ಎಂಬ ಅಂಕಣವೂ ಇತ್ತು. ಒಮ್ಮೆ ಟೋ 3 ಮಿಲಿಮೀಟರ್ ಹೊರಕ್ಕೆ, ಇನ್ನೊಮ್ಮೆ 1 ಮಿಲಿಮೀಟರ್ ಒಳಕ್ಕೆ. ಅವರು ಕಾಗದವನ್ನು ಬಾನೆಟ್ ಮೇಲಿಟ್ಟು ಹೇಳಿದರು: ‘ಯಾವುದಾದರೂ ಬಾಗಿದ್ದರೆ ತಪ್ಪು ಪ್ರತಿ ಸಲ ಒಂದೇ ದಿಕ್ಕಿಗೆ ಹೋಗುತ್ತದೆ. ಇದು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ. ಇಲ್ಲೇನೋ ಅಲ್ಲಾಡುತ್ತಿದೆ.’

ಕಾರನ್ನು ಖಾಲಿ ರಸ್ತೆಗೆ ಒಯ್ದೆವು. ನಲವತ್ತರ ವೇಗದಲ್ಲಿ ಬ್ರೇಕ್ ಒತ್ತಿದರೆ ಮುಖ ಎಡಕ್ಕೆ ಎಳೆಯುತ್ತಿತ್ತು, ಎಕ್ಸಲರೇಟರ್ ಒತ್ತಿದರೆ ಬಲಕ್ಕೆ. ಇದು ಮೊದಲಿನಿಂದಲೂ ಇತ್ತು. ಹುಳುವಿನ ತಟ್ಟೆಗಳಿರುವಾಗ ನಾನು ಬ್ರೇಕನ್ನು ಬಲು ಮೃದುವಾಗಿ ಒತ್ತುವುದರಿಂದ ಅದರ ಅರಿವೇ ಆಗಿರಲಿಲ್ಲ. ಗ್ಯಾರೇಜಿಗೆ ಮರಳಿ, ನಾನು ಬ್ರೇಕ್ ಹಿಡಿದು ಕುಳಿತೆ, ಅವರ ಹುಡುಗರಿಬ್ಬರು ಕಾರನ್ನು ಹಿಂದಕ್ಕೂ ಮುಂದಕ್ಕೂ ನೂಕಿದರು. ಎಡ ಮುಂದಿನ ಚಕ್ರ ಮಡ್‌ಗಾರ್ಡಿನ ಒಳಗೆ ಒಂದು ಬೆರಳಿನಷ್ಟು ಹಿಂದೆ ಮುಂದೆ ಸರಿಯುತ್ತಿತ್ತು. ಚಕ್ರವನ್ನು ಕಾರಿನ ಚೌಕಟ್ಟಿಗೆ ಹಿಡಿದಿಡುವ ಕೆಳಗಿನ ತೋಳಿನ, ಅಂದರೆ ಲೋಯರ್ ಆರ್ಮ್‌ನ, ಬುಷ್ ಹರಿದಿತ್ತು. ಆ ತೋಳಿನ ಕೀಲಿನಲ್ಲಿರುವ ರಬ್ಬರಿನ ತುಂಡು ಒಳಗೊಳಗೇ ಸೀಳಿ, ಪ್ರತಿ ಬ್ರೇಕಿಗೂ ಚಕ್ರ ತನ್ನ ಕೋನ ಬದಲಿಸುತ್ತಿತ್ತು. ಅಲೈನ್‌ಮೆಂಟ್ ವೇದಿಕೆಯ ಮೇಲೆ ಕಾರು ಸುಮ್ಮನೆ ನಿಂತಿರುತ್ತದೆ, ಅಲ್ಲಿ ಯಾರೂ ಬ್ರೇಕ್ ಒತ್ತಿ ಗುಂಡಿಗೆ ಇಳಿಸುವುದಿಲ್ಲ. ನಿಂತ ಕ್ಷಣದ ಕೋನವನ್ನು ಯಂತ್ರ ಪ್ರಾಮಾಣಿಕವಾಗಿಯೇ ಅಳೆದಿತ್ತು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಅವರ ಬಳಿ ಬುಷ್ ಒತ್ತಿ ಕೂರಿಸುವ ಪ್ರೆಸ್ ಇರಲಿಲ್ಲವಾದ್ದರಿಂದ ಬೇರೊಂದು ಗ್ಯಾರೇಜಿನಲ್ಲಿ ಬುಷ್ ಬದಲಾಯಿಸಿದೆ. ಹೊಸ ಟೈರ್ ಜೋಡಿ, ಐದನೇ ಅಲೈನ್‌ಮೆಂಟ್. ನಾಲ್ಕು ತಿಂಗಳು ಕಾರು ಹಗ್ಗ ಹಿಡಿದ ಹಾಗೆ ನೇರ ಓಡಿತು. ಐದನೇ ತಿಂಗಳಿಗೆ ಸ್ಟೇರಿಂಗ್ ಮತ್ತೆ ಓರೆ. ಇನ್ನೊಂದು ಅಲೈನ್‌ಮೆಂಟಿನಿಂದಲೂ ಅದು ನಿಲ್ಲಲಿಲ್ಲ, ಒಂಬತ್ತು ಸಾವಿರಕ್ಕೆ ಆ ಜೋಡಿಯೂ ಹೋಯಿತು. ಆ ದಿನ ನನಗೆ ನಿಜವಾಗಿಯೂ ಅಳು ಬಂದಿತ್ತು, ಏಕೆಂದರೆ ಆ ತಿಂಗಳು ಗೂಡಿನ ಬೆಲೆ ಬಿದ್ದು ರೈತರಿಂದ ಬರಬೇಕಾದ ಹಣವೂ ಬಂದಿರಲಿಲ್ಲ.

ಹೊಸ ಬುಷ್ ಕೂಡ ಹರಿದಿತ್ತು. ಹಿರಿಯರು ಅದನ್ನು ಕೈಯಲ್ಲಿ ಹಿಡಿದು ನೋಡಿದ ಮೇಲೆ ಕೇಳಿದ್ದು ಒಂದೇ ಪ್ರಶ್ನೆ: ‘ಬೋಲ್ಟ್ ಬಿಗಿಯುವಾಗ ಚಕ್ರ ನೇತಾಡುತ್ತಿತ್ತೇ, ನೆಲದ ಮೇಲಿತ್ತೇ?’ ನಾನು ಪಕ್ಕದಲ್ಲೇ ನಿಂತಿದ್ದೆ, ನೆನಪಿತ್ತು. ಕಾರು ಲಿಫ್ಟಿನ ಮೇಲಿತ್ತು, ಚಕ್ರಗಳು ಗಾಳಿಯಲ್ಲಿದ್ದವು.

ಈ ಬುಷ್ ಬೇರಿಂಗಿನ ಹಾಗೆ ತಿರುಗುವುದಿಲ್ಲ. ಒಳಗಿನ ಕಬ್ಬಿಣದ ಕೊಳವೆಯನ್ನು ಬೋಲ್ಟ್ ಗಟ್ಟಿಯಾಗಿ ಕಚ್ಚಿ ಹಿಡಿದಿರುತ್ತದೆ, ಆರ್ಮ್ ಮೇಲೆ ಕೆಳಗೆ ಆಡುವಾಗ ನಡುವಿನ ರಬ್ಬರ್ ತಿರುಚಿಕೊಂಡು ಮತ್ತೆ ಸಡಿಲವಾಗುತ್ತದೆ. ಚಕ್ರ ಕೆಳಕ್ಕೆ ನೇತಾಡುವಾಗ ಬೋಲ್ಟ್ ಬಿಗಿದರೆ ರಬ್ಬರಿಗೆ ಅದೇ ನೇತಾಡುವ ಸ್ಥಿತಿ ವಿಶ್ರಾಂತಿಯ ಸ್ಥಿತಿಯಾಗುತ್ತದೆ. ಕಾರನ್ನು ಕೆಳಗಿಳಿಸಿದ ಕ್ಷಣದಿಂದ ಅದು ಹಿಂಡಿದ ಬಟ್ಟೆಯ ಹಾಗೆ ತಿರುಚಿಕೊಂಡೇ ಇರುತ್ತದೆ. ಶೆಡ್ಡಿನಲ್ಲಿ ನಿಂತಾಗಲೂ ಅದಕ್ಕೆ ಬಿಡುವಿಲ್ಲ. ಗುಂಡಿ ಬಂದಾಗ ಇನ್ನಷ್ಟು ತಿರುಚುತ್ತದೆ, ಬೇಗ ಸೀಳುತ್ತದೆ. ಸರಿಯಾದ ಕ್ರಮದಲ್ಲಿ ಬೋಲ್ಟನ್ನು ಮೊದಲು ಸಡಿಲವಾಗಿ ಹಾಕಿ, ಕಾರಿನ ಪೂರ್ತಿ ತೂಕ ಚಕ್ರಗಳ ಮೇಲೆ ಬಿದ್ದ ನಂತರವೇ ಕೊನೆಯ ಬಿಗಿ ಕೊಡಬೇಕು. ಹೆಚ್ಚೆಂದರೆ ಹತ್ತು ನಿಮಿಷದ ಕೆಲಸ. ಆ ಹತ್ತು ನಿಮಿಷ ಉಳಿಸಲು ಹೋಗಿ ಎರಡು ಟೈರ್ ಹೋದವು, ಅದಕ್ಕಾಗಿ ನನಗೆ ಇವತ್ತಿಗೂ ಸಿಟ್ಟಿದೆ.

ಮೂರನೇ ಬುಷ್ ಅನ್ನು ಹಿರಿಯರ ಎದುರಿಗೇ ಹಾಕಿಸಿದೆ. ಕಾರನ್ನು ನೆಲಕ್ಕಿಳಿಸಿ, ಮುಂಭಾಗವನ್ನು ನಾಲ್ಕು ಸಲ ಒತ್ತಿ ಬಿಟ್ಟು, ಗ್ಯಾರೇಜಿನ ಗುಂಡಿಯೊಳಗೆ ಇಳಿದು ಬೋಲ್ಟ್ ಬಿಗಿದರು. ಅದಾದ ಮೇಲೆಯೇ ಅಲೈನ್‌ಮೆಂಟಿಗೆ ಹೋದದ್ದು. ಈ ಸಲ ನಾನೂ ಸುಮ್ಮನೆ ಕುರ್ಚಿಯಲ್ಲಿ ಕೂರಲಿಲ್ಲ. ನಾಲ್ಕೂ ಟೈರಿನ ಗಾಳಿ ಸರಿಪಡಿಸಿದ ಮೇಲೆ ಸೆನ್ಸರ್ ಕಟ್ಟಿ ಎಂದೆ. ಸ್ಟೇರಿಂಗ್ ನೇರ ಮಾಡಿ ಲಾಕ್ ಹಾಕಿದ್ದಾರೆಯೇ ನೋಡಿದೆ. ‘ಮೊದಲು’ ಅಂಕಿಗಳಿರುವ ಕಾಗದ ಕೊಡದಿದ್ದರೆ ಕೆಲಸ ಶುರು ಮಾಡಬೇಡಿ ಎಂದು ವಿನಯವಾಗಿಯೇ ಹೇಳಿದೆ. ಹಿಂದಿನ ಚಕ್ರಗಳ ಅಂಕಿಯನ್ನೂ ಕೇಳಿದೆ. ನನ್ನಂಥ ಸಣ್ಣ ಕಾರುಗಳಲ್ಲಿ ಹಿಂದಿನ ಆಕ್ಸಲ್‌ಗೆ ತಿರುಪಿ ಸರಿಪಡಿಸುವ ವ್ಯವಸ್ಥೆ ಸಾಮಾನ್ಯವಾಗಿ ಇರುವುದಿಲ್ಲ, ಆದ್ದರಿಂದ ಹಲವರು ಆ ಕಡೆ ನೋಡುವುದೇ ಇಲ್ಲ. ಆದರೆ ಹಿಂದಿನ ಆಕ್ಸಲ್ ಓರೆಯಾಗಿದ್ದರೆ ಕಾರು ಏಡಿಯ ಹಾಗೆ ಪಕ್ಕಕ್ಕೆ ನೂಕುತ್ತಾ ಹೋಗುತ್ತದೆ, ಮುಂದಿನ ಟೋ ಎಷ್ಟೇ ಸರಿಯಿದ್ದರೂ ಸ್ಟೇರಿಂಗ್ ನೇರ ನಿಲ್ಲುವುದಿಲ್ಲ. ನನ್ನ ಕಾರಿನಲ್ಲಿ ಅದು ಸರಿಯಿತ್ತು ಎಂಬುದು ಒಂದು ನೆಮ್ಮದಿ.

ಈಗ ಚಾಕಿ ಕೋಣೆಯ ಉಷ್ಣಾಂಶ, ತೇವಾಂಶ ಬರೆದಿಡುವ ಪುಸ್ತಕದ ಕೊನೆಯ ಹಾಳೆಗಳಲ್ಲಿ ಟೈರಿನ ಲೆಕ್ಕವೂ ಇದೆ. ಎರಡು ಸಾವಿರ ಕಿಲೋಮೀಟರಿಗೊಮ್ಮೆ ಆಳ ಅಳೆಯುವ ಸಣ್ಣ ಕಡ್ಡಿಯಿಂದ ಪ್ರತಿ ಟೈರಿನ ಒಳ, ನಡು, ಹೊರ ತೋಡುಗಳನ್ನು ಅಳೆದು ಬರೆಯುತ್ತೇನೆ, ಅಂಗೈ ಸವರಿ ನೋಡುತ್ತೇನೆ. ಒಳಗೂ ಹೊರಗೂ ಒಂದು ಮಿಲಿಮೀಟರ್ ವ್ಯತ್ಯಾಸ ಬಂದರೆ ಟೈರ್ ಸವೆಯುವವರೆಗೆ ಕಾಯದೆ ಚಿಂತಾಮಣಿಗೆ ಹೋಗುವುದು ಎಂದು ನಿಶ್ಚಯಿಸಿಕೊಂಡಿದ್ದೇನೆ. ನನ್ನ ಮಗಳು ಹತ್ತನೇ ತರಗತಿಯವಳು, ಆ ಅಂಕಿಗಳಿಂದ ಒಂದು ನಕ್ಷೆ ಬರೆದು ಕೋಣೆಯ ಬಾಗಿಲಿಗೆ ಅಂಟಿಸಿದ್ದಾಳೆ.

ಹೋದ ಭಾನುವಾರ ಹದಿನಾಲ್ಕು ಸಾವಿರ ತುಂಬಿತು. ಎಡ ಮುಂದಿನ ಟೈರ್: ಒಳಗೆ 5.8, ನಡುವೆ 6.0, ಹೊರಗೆ 6.0. ಚೂಪು ಯಾವ ದಿಕ್ಕಿಗೂ ಸಿಗಲಿಲ್ಲ. ಬಶೆಟ್ಟಿಹಳ್ಳಿಯ ಹಂಪ್ ದಾಟುವಾಗ ಬಲಗಡೆಯ ಲಿಂಕ್ ರಾಡ್ (ಸಸ್ಪೆನ್ಷನ್ನಿನ ಒಂದು ಸಣ್ಣ ಸಲಾಕೆ) ಕಡೆಯಿಂದ ಸಣ್ಣಗೆ ಟಕ್ ಎಂದು ಕೇಳಿಸುತ್ತಿದೆ. ಗುರುವಾರ ಹುಳು ಕೊಡುವ ಸರದಿಯಿದೆ, ಬುಧವಾರವೇ ತೋರಿಸಿಕೊಂಡು ಬರುತ್ತೇನೆ.