ಅಪ್ಪನ ರಕ್ತದಲ್ಲಿ ಕಂಡ ಬೂಷ್ಟು

ಬದಿಯಡ್ಕದ ನಮ್ಮ ಮನೆಯ ಅಟ್ಟದಲ್ಲಿ ಪ್ರತಿ ಮಳೆಗಾಲವೂ ಅಡಿಕೆ ಚೀಲಗಳಿಗೆ ಬೂಷ್ಟು ಹಿಡಿಯುತ್ತದೆ. ಆದ್ದರಿಂದ, ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರಿಗೆ ಕಿಮೊ ಪಡೆಯುತ್ತಿದ್ದ ಅಪ್ಪನ ರಕ್ತದಲ್ಲಿ ಆಸ್ಪರ್ಜಿಲಸ್ ಎಂಬ ಬೂಷ್ಟಿನ ಗುರುತು ಸಿಕ್ಕಿದೆ ಎಂಬ ವರದಿ ಬಂದಾಗ ನಾನು ಅದನ್ನು ಮರುಮಾತಿಲ್ಲದೆ ನಂಬಿದೆ. "ಅಟ್ಟ ಹತ್ತಬೇಡಿ ಎಂದು ಎಷ್ಟು ಸಲ ಹೇಳಿದ್ದೆ" ಎಂದು ಅಮ್ಮ ವಾರ್ಡಿನ ಹೊರಗೆ ಕುಳಿತು ಅತ್ತರು.

ಆಸ್ಪರ್ಜಿಲಸ್‌ನ ಕೋಶಭಿತ್ತಿಯ ಒಂದು ಸಕ್ಕರೆಸರಪಣಿಯನ್ನು ರಕ್ತದಲ್ಲಿ ಹುಡುಕುವ ಗ್ಯಾಲಕ್ಟೋಮ್ಯಾನನ್ ಎಂಬ ಆ ಪರೀಕ್ಷೆಯಲ್ಲಿ ಸೂಚ್ಯಂಕ 0.5 ದಾಟಿದರೆ ಪಾಸಿಟಿವ್, ಅಪ್ಪನದು 1.1 ಇತ್ತು. ಬಿಳಿ ರಕ್ತಕಣಗಳು ತೀರಾ ಕುಸಿದವರ ಶ್ವಾಸಕೋಶಕ್ಕೆ ಈ ಶಿಲೀಂಧ್ರ ಹೊಕ್ಕರೆ ಜೀವಕ್ಕೇ ಅಪಾಯ. ಅದಕ್ಕೆ ಕೊಡುವ ವೊರಿಕೊನಜೋಲ್ ಕೂಡ ಅಪ್ಪನ ಪಾಲಿಗೆ ಸುಲಭದ ಮದ್ದಾಗಿರಲಿಲ್ಲ. ಕಿಮೊದಲ್ಲಿದ್ದ ವಿನ್‌ಕ್ರಿಸ್ಟಿನ್ ದೇಹದಿಂದ ಹೊರಹೋಗುವುದನ್ನು ಅದು ತಡೆದು ನರಗಳಿಗೆ ಗಂಭೀರ ಹಾನಿ ಮಾಡಬಲ್ಲದು. ಕೊಡಬೇಕಾದರೆ ಮುಂದಿನ ವಿನ್‌ಕ್ರಿಸ್ಟಿನ್ ಮುಂದೂಡಬೇಕಿತ್ತು.

ಸಂಜೆ ಸುತ್ತಿಗೆ ಬಂದ ಹಿರಿಯ ವೈದ್ಯೆ ವರದಿಯನ್ನು ಬದಿಗಿಟ್ಟು, "ರಕ್ತ ತೆಗೆದದ್ದು ಎಷ್ಟು ಹೊತ್ತಿಗೆ? ಅದಕ್ಕೆ ಮುಂಚೆ ಯಾವ ಇಂಜೆಕ್ಷನ್ ಹೋಗಿತ್ತು?" ಎಂದು ಕೇಳಿದರು. ಲೆಕ್ಕ ಬರೆದಿಡುವುದು ನಮ್ಮ ಮನೆಯ ಅಭ್ಯಾಸವಾದ್ದರಿಂದ ಅಪ್ಪನ ಮದ್ದಿನ ಸಮಯಗಳೆಲ್ಲ ನನ್ನ ಪುಸ್ತಕದಲ್ಲಿದ್ದವು. ಜ್ವರಕ್ಕೆಂದು ಆರು ಗಂಟೆಗೊಮ್ಮೆ ಪಿಪೆರಾಸಿಲಿನ್-ಟಾಜೋಬ್ಯಾಕ್ಟಮ್ ಎಂಬ ಆ್ಯಂಟಿಬಯೋಟಿಕ್. ಬೆಳಿಗ್ಗೆ 6ಕ್ಕೆ ಡ್ರಿಪ್, 7.30ಕ್ಕೆ ರಕ್ತ.

ಅವರು ಕುರ್ಚಿ ಎಳೆದುಕೊಂಡು ಕುಳಿತು ವಿವರಿಸಿದರು. ಪಿಪೆರಾಸಿಲಿನ್ ಮೂಲದಲ್ಲಿ ಪೆನಿಸಿಲಿನ್. ಪೆನಿಸಿಲಿನ್ ಹುಟ್ಟುವುದೇ ಒಂದು ಬೂಷ್ಟಿನಿಂದ. ಆ ಬೂಷ್ಟಿನ ಕೋಶಭಿತ್ತಿಯಲ್ಲೂ ಇದೇ ಬಗೆಯ ಸಕ್ಕರೆಸರಪಣಿ ಇರುವುದರಿಂದ, ಮದ್ದಿನಲ್ಲಿ ಅದರ ಅಂಶ ಉಳಿದಿದ್ದರೆ ಪರೀಕ್ಷೆಗೆ ಎರಡರ ನಡುವಿನ ವ್ಯತ್ಯಾಸ ತಿಳಿಯುವುದಿಲ್ಲ. ಪ್ಯಾರಿಸ್ಸಿನ ವೈದ್ಯರು 2003ರಲ್ಲೇ ಇದನ್ನು ಬರೆದಿದ್ದರಂತೆ. ಮುಂದೆ ತಯಾರಿಕೆ ಸುಧಾರಿಸಿ ಇಂತಹ ಪ್ರಸಂಗಗಳು ಬಹಳ ಕಡಿಮೆಯಾದವು. "ಹಾಗೆಂದು ಈ ವರದಿ ಸುಳ್ಳು ಎಂದು ಈಗಲೇ ಹೇಳಲಾರೆ" ಎಂದು ಅವರು ಸೇರಿಸಿದ್ದು ನನಗೆ ಇಂದಿಗೂ ಗೌರವದ ವಿಷಯವಾಗಿದೆ. ಕಿಮೊ ರೋಗಿಯಲ್ಲಿ ನಿಜವಾದ ಸೋಂಕನ್ನು ಸುಳ್ಳೆಂದು ತಳ್ಳಿಬಿಡುವುದು ಇನ್ನೂ ದೊಡ್ಡ ತಪ್ಪಾಗುತ್ತಿತ್ತು.

ಅಂದು ರಾತ್ರಿಯೇ ಎದೆಯ ಸಿಟಿ ಸ್ಕ್ಯಾನ್ ಆಯಿತು; ಶಿಲೀಂಧ್ರದ ಗಂಟುಗಳಾಗಲಿ ಅವುಗಳ ಸುತ್ತಲಿನ ಮಸುಕಾಗಲಿ ಕಾಣಲಿಲ್ಲ. ಜ್ವರವೂ ಇಳಿಯುತ್ತಿದ್ದುದರಿಂದ ಆ್ಯಂಟಿಬಯೋಟಿಕ್ಕನ್ನು ಮೆರೊಪೆನೆಮ್‌ಗೆ ಬದಲಿಸಿ, ನಿಗಾ ಇಟ್ಟು, ಕೆಲವು ದಿನ ಬಿಟ್ಟು ಮತ್ತೆ ರಕ್ತ ತೆಗೆಯುವುದೆಂದು ತೀರ್ಮಾನಿಸಿದರು. ಆ ದಿನಗಳಲ್ಲಿ ಅಪ್ಪ ಕೆಮ್ಮಿದಾಗಲೆಲ್ಲ ನಾನು ಎದ್ದು ಕೂರುತ್ತಿದ್ದೆ. ಐದನೆಯ ದಿನದ ವರದಿಯಲ್ಲಿ 0.3 ಎಂದಿತ್ತು, ಒಂದು ವಾರದ ನಂತರ 0.1. ವಿನ್‌ಕ್ರಿಸ್ಟಿನ್ ನಿಗದಿಯಾದ ದಿನವೇ ಹೋಯಿತು.

ಪಕ್ಕದ ಮಂಚದ ಉಪ್ಪಳದವರೊಬ್ಬರಿಗೆ ಬೀಟಾ ಗ್ಲೂಕಾನ್ ಎಂಬ ಇನ್ನೊಂದು ಶಿಲೀಂಧ್ರ ಪರೀಕ್ಷೆ ಬರೆದಾಗ, ಅವರ ಮಗ ನನ್ನ ಬಳಿ ಬಂದು ವಿಚಾರಿಸಿದ. ಆಲ್ಬುಮಿನ್ ಮತ್ತು ಇಮ್ಯುನೊಗ್ಲಾಬ್ಯುಲಿನ್ ಡ್ರಿಪ್‌ಗಳು ಆ ಪರೀಕ್ಷೆಯನ್ನು ದಾರಿ ತಪ್ಪಿಸುವುದುಂಟು ಎಂದು ನಾನು ಅಷ್ಟರಲ್ಲಿ ಕೇಳಿ ತಿಳಿದಿದ್ದೆ. ಅವನ ತಂದೆಗೆ ಹಿಂದಿನ ದಿನ ಆಲ್ಬುಮಿನ್ ಕೊಟ್ಟಿದ್ದರು. ವೈದ್ಯರಿಗೆ ಹೇಳಲು ಸುಲಭವಾಗಲೆಂದು ಬಾಟಲಿ ಏರಿಸಿದ ಸಮಯವನ್ನು ನನ್ನ ಪುಸ್ತಕದಿಂದಲೇ ಒಂದು ಹಾಳೆ ಹರಿದು ಬರೆದುಕೊಟ್ಟೆ.